ಅರವತ್ತೆಂಟು ಜನರಿಗೆ ಒಂದೇ ಹೂಗುಚ್ಛ

ವಜ್ದಿ ನಾಲ್ಕು ದಿನದಿಂದ ಎಂಟು ಗಂಟೆಯ ಫೆರಿಗೆ ಬಂದಿರಲಿಲ್ಲ.

ನಾವಿರುವ ಪೋರ್ಟ್ ಫುಆದ್‌ನಿಂದ, ಹಡಗುಗಳು ಓಡಾಡುವ ಕಾಲುವೆ ದಾಟಿ ಪೋರ್ಟ್ ಸಯೀದ್ ಸೇರಲು ಹತ್ತೇ ನಿಮಿಷ. ಅವನಿಗೆ ಆಚೆ ದಡದಲ್ಲಿ ಹಡಗುಗಳಿಗೆ ತರಕಾರಿ, ದಿನಸಿ ಪೂರೈಸುವ ಅಂಗಡಿ. ನಾನು ಅಲ್ಲೇ ಒಂದು ಹಡಗು ಏಜೆನ್ಸಿಯಲ್ಲಿ ಗುಮಾಸ್ತೆ. ಒಂದು ವರ್ಷದಿಂದ ಇಬ್ಬರೂ ಫೆರಿಯ ಕಂಬಿಗೆ ಒರಗಿ ನಿಲ್ಲುತ್ತಿದ್ದೆವು. ಅವನು ನನ್ನ ಕಡೆ ನೋಡುತ್ತಿದ್ದ, ನಾನು ಫೋನ್ ಕಡೆ.

"ರಬಾಬ್ ಅವ್ರೇ, ಪಕ್ಕದಲ್ಲೇ ಹತ್ತು ಮಹಡಿ ಎತ್ತರದ ಹಡಗು ಹೋಗ್ತಿದೆ. ನೋಡ್ತೀರೋ, ಇಲ್ಲ ಫೋಟೊ ತೆಗೆದು ಕಳಿಸ್ಲೋ?"

"ಅದರ ಕಾಗದಪತ್ರಾನೇ ರೀ ನೋಡ್ತಿರೋದು," ಎಂದು ತಲೆಯೆತ್ತಿದರೆ ಅವನ ಕಣ್ಣು ಹಡಗಿನ ಮೇಲಿರುತ್ತಿರಲಿಲ್ಲ. ಸಿಕ್ಕಿಬಿದ್ದವನಂತೆ ನಕ್ಕು ನೀರಿನ ಕಡೆ ತಿರುಗುತ್ತಿದ್ದ. ನನಗದು ಇಷ್ಟವಾಗುತ್ತಿತ್ತು. ಅಷ್ಟರಲ್ಲಿ ಫೋನ್ ಮತ್ತೆ ಟಿಂಗ್ ಅನ್ನುತ್ತಿತ್ತು.

ನನ್ನ ಫೋನಿನಲ್ಲಿ ನಲವತ್ತೊಂದು ಗ್ರೂಪುಗಳಿದ್ದವು. ಬರುವ ಹಡಗಿನದ್ದು, ಕಸ್ಟಮ್ಸ್‌ನದ್ದು, ಆಫೀಸಿನದ್ದು, ಬಾಸ್ ಇಲ್ಲದ ಆಫೀಸಿನದ್ದು, ಕಟ್ಟಡದ ನೀರಿನ ಪಂಪಿನದ್ದು. ಶುಕ್ರವಾರ ಬಂತೆಂದರೆ ಎಲ್ಲರೂ ಹೂವಿನ ಚಿತ್ರ ಹಾಕಿ ಶುಭಾಶಯ ಕಳಿಸುವವರೇ, ಉತ್ತರ ಕೊಡದಿದ್ದರೆ ಮುನಿಸಿಕೊಳ್ಳುವವರೇ. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಬಂದದ್ದನ್ನು ಓದುವ ಗೊಡವೆಯೇ ಇಲ್ಲ, ಎಲ್ಲರಿಗೂ ಒಂದೇ ಹೂಗುಚ್ಛ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಬುಧವಾರ ಸಂಜೆ ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು. "ದಿನಸಿ ಅಂಗಡಿ ವಜ್ದಿ ಇದಾನಲ್ಲ, ಅವರಮ್ಮ ನಾಡಿದ್ದು ಇಸ್ಮಾಯಿಲಿಯಾಗೆ ಹೆಣ್ಣು ಕೇಳೋಕೆ ಹೋಗ್ತಾರಂತೆ. ಇಲ್ಲಿ ಯಾರೋ ಒಲ್ಲೆ ಅಂದ್ಲಂತೆ. ಚಿನ್ನದಂಥಾ ಹುಡುಗ. ಯಾರ ಮನೆ ಹುಡುಗಿಗೆ ಅಷ್ಟು ಕೊಬ್ಬೋ."

ನಾಲ್ಕು ದಿನದಿಂದ ಅವನು ಫೆರಿಗೆ ಬಾರದ್ದು ನೆನಪಾಯಿತು. ಕೋಣೆಗೆ ಹೋಗಿ ಫೋನ್ ತೆಗೆದು ಹಿಂದಿನ ಶುಕ್ರವಾರದವರೆಗೆ ಹುಡುಕಿದೆ. ಗುಲಾಬಿ, ದೀಪ, ಪಾರಿವಾಳಗಳ ರಾಶಿಯ ಅಡಿಯಲ್ಲಿ ಅವನ ಸಂದೇಶ ಸಿಕ್ಕಿತು.

"ರಬಾಬ್, ಎದುರಿಗೆ ಕೇಳೋಕೆ ಧೈರ್ಯ ಸಾಲ್ತಿಲ್ಲ. ಬರೋ ಶುಕ್ರವಾರ ಅಮ್ಮನ್ನ ಕರ್ಕೊಂಡು ನಿಮ್ಮ ಮನೆಗೆ ಬರ್ಲಾ? ನೀವು ಹೂಂ ಅಂದ್ರೆ ಮಾತ್ರ."

ಅದರ ಕೆಳಗೆ ನನ್ನ ಹೂಗುಚ್ಛ. "ನಿಮಗೂ ನಿಮ್ಮ ಕುಟುಂಬಕ್ಕೂ ದೇವರು ಒಳ್ಳೆಯದು ಮಾಡಲಿ."

ನಮ್ಮಲ್ಲಿ ಇಂಥ ಪ್ರಶ್ನೆಗೆ ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹರಸಿ ಮಾತು ಮುಗಿಸುತ್ತಾರೆ. ಇಲ್ಲಿಯ ಯಾವ ಗಂಡಸಾದರೂ ಅದನ್ನು ಅರ್ಥ ಮಾಡಿಕೊಂಡು ದೂರ ಸರಿಯುತ್ತಾನೆ. ವಜ್ದಿಯೂ ಸರಿದಿದ್ದ.

ಕೂತು ಅತ್ತೆ. ಆಮೇಲೆ ಮೂರು ಸಲ ಉತ್ತರ ಬರೆದು ಮೂರು ಸಲವೂ ಅಳಿಸಿದೆ. ಇದನ್ನು ಫೋನಿನಲ್ಲಿ ಹೇಳಬಾರದು, ಮುಖ ನೋಡಿಯೇ ಹೇಳಬೇಕು ಎಂದು ಗಟ್ಟಿ ಮನಸ್ಸು ಮಾಡಿದೆ. ಕೆಟ್ಟ ಮೇಲೆ ಬಂದ ಬುದ್ಧಿಯಾದರೂ ಬಂತಲ್ಲ. ಅದೇ ಸಂಜೆ ಮೂವತ್ತೇಳು ಗ್ರೂಪುಗಳಿಂದ ಹೊರಬಿದ್ದೆ.

ಐದು ನಿಮಿಷಕ್ಕೆ ಚಿಕ್ಕಮ್ಮನ ಕರೆ. "ಏನಾಯ್ತೇ? ಮನೆಯವರ ಗ್ರೂಪು ಯಾಕೆ ಬಿಟ್ಟೆ? ಯಾರೇನಂದ್ರು?"

"ಯಾರೂ ಏನೂ ಅನ್ಲಿಲ್ಲ ಚಿಕ್ಕಮ್ಮ. ಹೇಳೋದಿದ್ರೆ ಹೀಗೇ ಫೋನ್ ಮಾಡಿ, ಮಾತಾಡೋಣ."

"ಮಾತಾಡೋಕೆ ಏನಿದೆ?" ಎಂದು ಕರೆ ಕತ್ತರಿಸಿದಳು.

ಗುರುವಾರ ಬೆಳಿಗ್ಗೆ ಮ್ಯಾನೇಜರ್ ಮುಂದೆ ನಿಂತೆ. "ಸರ್, ಇನ್ಮೇಲೆ ಮೇಲ್‌ಗಳನ್ನ ಒಂಬತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ ನೋಡ್ತೀನಿ. ಮಧ್ಯೆ ಬಿಲ್ಲು, ಪತ್ರದ ಕೆಲಸ."

"ಮಧ್ಯೆ ಹಡಗು ಮುಳುಗಿದ್ರೆ?"

"ಕೂಗಿ ಸರ್. ಪಕ್ಕದ ಮೇಜಲ್ಲೇ ಇರ್ತೀನಿ. ಈಗ ಒಂದು ಗಂಟೆ ರಜ ಬೇಕು."

ವಜ್ದಿ ಅಂಗಡಿಯಲ್ಲಿ ಈರುಳ್ಳಿ ಚೀಲ ಎಣಿಸುತ್ತಿದ್ದ. ನನ್ನನ್ನು ಕಂಡು ಎಣಿಕೆ ತಪ್ಪಿತು. ಹಮಾಲರು ಕಿವಿ ನಿಮಿರಿಸಿ ನಿಂತರು.

"ನಾಳೆ ನಿಮ್ಮಮ್ಮನ್ನ ಇಸ್ಮಾಯಿಲಿಯಾಗೆ ಕರ್ಕೊಂಡು ಹೋಗ್ಬೇಡಿ," ಎಂದೆ.

"ನೀವು ಹೂವು ಕಳಿಸಿ ಮುಗಿಸಿದ್ರಲ್ಲ?"

"ನಿಮ್ಮ ಸಂದೇಶ ನಾನು ಓದೇ ಇರ್ಲಿಲ್ಲ. ಆ ಹೂವು ಅವತ್ತು ಅರವತ್ತೆಂಟು ಜನಕ್ಕೆ ಹೋಯ್ತು. ಹಲ್ಲಿನ ಡಾಕ್ಟ್ರಿಗೂ."

ಅವನ ಮುಖ ಅರಳುತ್ತದೆಂದುಕೊಂಡಿದ್ದೆ. ಇನ್ನೂ ಬಾಡಿತು. "ಬೇಡ ಅಂದಿದ್ರೆ ಸಹಿಸ್ಕೋಬಹುದಿತ್ತು. ನಾಲ್ಕು ರಾತ್ರಿ ಕೂತು ಬರೆದದ್ದು ನಿಮ್ಮ ಕಣ್ಣಿಗೇ ಬೀಳ್ಲಿಲ್ಲ ಅಂದ್ರೆ... ಮದುವೆ ಆದ್ಮೇಲೂ ನಾನು ಆ ಅರವತ್ತೆಂಟರಲ್ಲಿ ಒಬ್ಬನೇನಾ?"

ಈ ಮಾತಿಗೆ ನೆಪ ಹೇಳುವಂತಿರಲಿಲ್ಲ. "ತಪ್ಪು ನಂದೇ," ಎಂದೆ. "ಎಲ್ಲರಿಗೂ ಉತ್ತರ ಕೊಡೋಕೆ ಹೋಗಿ, ಬೇಕಾದವರನ್ನೇ ಕಳ್ಕೊಳ್ತಿದ್ದೆ. ನಿನ್ನೆ ಮೂವತ್ತೇಳು ಗ್ರೂಪು ಬಿಟ್ಟೆ. ಚಿಕ್ಕಮ್ಮ ಮಾತು ಬಿಟ್ಟಿದಾರೆ. ಬಾಸ್ ಗುರ್ರ್ ಅಂತಿದಾರೆ. ನೀವು ಬರದಿದ್ರೂ ನಾನು ಮತ್ತೆ ಸೇರಲ್ಲ. ಆದ್ರೆ ನೀವು ಬಂದ್ರೆ ನನಗೆ ಸಂತೋಷ. ನೀವಂದ್ರೆ ನನಗಿಷ್ಟ."

ಹಮಾಲರಲ್ಲಿ ಹಿರಿಯನೊಬ್ಬ ಕೆಮ್ಮಿದ. ವಜ್ದಿ ಕೆಂಪಾಗಿ ಚೀಲಗಳ ಕಡೆ ನೋಡಿದ, ಆಮೇಲೆ ನನ್ನ ಕಡೆ.

"ಊಟದ ಹೊತ್ತಲ್ಲಿ ಫೋನು?"

"ಇಲ್ಲ. ನಿಮಗೂ ಇಲ್ಲ."

"ನನಗೂನಾ? ಹಡಗಿನವರು ಕರೆದ್ರೆ?"

"ಈರುಳ್ಳಿ ಹತ್ತು ನಿಮಿಷ ಕಾಯುತ್ತೆ."

ಅವನು ನಕ್ಕುಬಿಟ್ಟ. ಕೈ ಒರೆಸಿಕೊಂಡು ಎದುರಿಗೆ ಬಂದು ನಿಂತ. "ಹಾಗಾದ್ರೆ ಬಾಯಲ್ಲೇ ಕೇಳ್ತೀನಿ, ಪೂರ್ತಿ ಕೇಳಿಸ್ಕೊಳ್ಳಿ." ಅಮ್ಮನ ಮಂಡಿನೋವು, ಮೆಟ್ಟಿಲು ಎಷ್ಟು, ದುಮ್ಯಾತ್‌ನಿಂದ ಬರುವ ಮಾವ, ಯಾವ ಸಿಹಿ ತರಲಿ, ಸಂಬಂಧ ನಿಶ್ಚಯಿಸುವ ಫಾತಿಹಾ ಪ್ರಾರ್ಥನೆ ಯಾರು ಓದಬೇಕು ಎಂದು ತಡವರಿಸುತ್ತಾ ಹೇಳುತ್ತಲೇ ಹೋದ. ಒಂದಕ್ಷರ ಬಿಡದೆ ಕೇಳಿಸಿಕೊಂಡೆ. ಕೇಳುತ್ತಾ ಕೇಳುತ್ತಾ ಕಣ್ಣು ತುಂಬಿತು.

"ಬನ್ನಿ," ಎಂದೆ. "ಸಂಜೆ, ಅಸರ್ ನಮಾಜಾದ ಮೇಲೆ. ನಾನೇ ಬಾಗಿಲು ತೆಗೀತೀನಿ."

"ಹುಡುಗಿ ಬಾಗಿಲು ತೆಗೀಬಾರದಲ್ರೀ. ಶರಬತ್ತು ತರೋವಾಗ ತಾನೇ ಹೊರಗೆ ಬರಬೇಕು? ಹಿರಿಯರಾಗಿ ನಿಮ್ಮ ಚಿಕ್ಕಪ್ಪ ಇರ್ತಾರಲ್ಲ, ಅವರು ತೆಗೀತಾರೆ."

"ಅವರು ಫೋನ್ ನೋಡ್ತಾ ಕೂತಿರ್ತಾರೆ, ಬೆಲ್ ಕೇಳ್ಸಲ್ಲ. ಈ ಸಲ ನಿಮ್ಮನ್ನ ಬಾಗಿಲಲ್ಲಿ ನಿಲ್ಲಿಸಲ್ಲ ನಾನು."