ಪಂಕ್ತಿಭೇದವಿಲ್ಲದ ಬಿಸಿ

ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗಿನ ಚಳಿ. ಅಂಗಳದ ಬಕೆಟ್ಟಿನಲ್ಲಿದ್ದ ನೀರು ಕಲ್ಲಾಗಿತ್ತು. ಒಳಗೆ ಡಾ. ವೇದವಲ್ಲಿ ಉಷ್ಣಮಾಪಕ ಹಿಡಿದು ಬರಿಗಾಲಿನಲ್ಲಿ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. ಹಜಾರದ ಒಲೆಯ ಪಕ್ಕ ಇಪ್ಪತ್ತೆರಡು ಡಿಗ್ರಿ, ಅಡುಗೆಮನೆಯಲ್ಲಿ ಇಪ್ಪತ್ತೆರಡು, ಬಚ್ಚಲಿನ ಮೂಲೆಯಲ್ಲೂ ಇಪ್ಪತ್ತೆರಡು. ಕೊನೆಗೆ ಹಿಂದಿನ ಕೋಣೆಯ ಮಂಚದ ಕೆಳಗೆ ತೂರಿ ಅಲ್ಲೂ ಅಳೆದು ಹೊರಬಂದಾಗ, ಪರೀಕ್ಷೆಯಲ್ಲಿ ಮೊದಲಿಗರಾಗಿ ಬಂದವರ ಕಳೆ ಅವರ ಮುಖದಲ್ಲಿತ್ತು.

"ನೋಡಿದ್ರಾ ಅಮ್ಮಾ? ಈ ಮನೆಯಲ್ಲಿ ಪಂಕ್ತಿಭೇದ ಇಲ್ಲ. ಎಲ್ಲ ಕೋಣೆಗೂ ಒಂದೇ ಬಿಸಿ."

ಮಂಚದ ಮೇಲೆ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ದಾಕ್ಷಾಯಣಿ ತಲೆ ಎತ್ತಲಿಲ್ಲ. "ಪಂಕ್ತಿ ಇರ್ಲಿ ಬಿಡ್ರಿ ಮೇಡಂರ. ಈ ಕೂಸಿನ ಪಾದ ಮುಟ್ಟಿ ನೋಡ್ರಿ, ಹೆಂಗ ತಣ್ಣಗ ಆಗ್ಯಾವ."

ಅದು 2061ನೆಯ ಇಸವಿ. ಲಡಾಖಿನ ಎತ್ತರದ ಕಣಿವೆಯೊಂದರಲ್ಲಿ, ಬೆಟ್ಟ ಕೊರೆದು ಮಾಡಿದ ಸುರಂಗ ರಸ್ತೆಯನ್ನು ನೋಡಿಕೊಳ್ಳುವ ಎಂಜಿನಿಯರುಗಳ ವಸತಿ. ದಾಕ್ಷಾಯಣಿಯ ಮಗಳು ಅನ್ವಿತಾ, ಅಳಿಯ ಇಬ್ಬರಿಗೂ ಅಲ್ಲೇ ಕೆಲಸ. ಬಾಣಂತನ ಮಾಡಲೆಂದು ದಾಕ್ಷಾಯಣಿ ಗದಗಿನಿಂದ ಓಮ, ಬೆಳ್ಳುಳ್ಳಿ, ಕೊಬ್ಬರಿ ಎಲ್ಲ ಕಟ್ಟಿಕೊಂಡು ಬಂದಿದ್ದರು. ಕೂಸು ಮಾತ್ರ ಕಾಯಲಿಲ್ಲ, ದಿನ ತುಂಬುವ ಮೊದಲೇ ಹುಟ್ಟಿಬಿಟ್ಟಿತು. ಅಂಗೈ ಮೇಲೆ ಮಲಗಿಸಬಹುದಾದಷ್ಟು ಸಣ್ಣದು. ಅದರ ಮೈಯ ಬಿಸಿ ಉಳಿಸುವುದೊಂದೇ ಅಜ್ಜಿಯ ಹಗಲಿರುಳಿನ ಚಿಂತೆಯಾಗಿತ್ತು.

ವೇದವಲ್ಲಿಯ ಚಿಂತೆ ಬೇರೆ. ವಿದ್ಯಾರ್ಥಿನಿಯಾಗಿದ್ದಾಗ ಅವರು ಇದೇ ಕಣಿವೆಯಲ್ಲಿ ಒಂದು ಚಳಿಗಾಲ ಕಳೆದಿದ್ದರು. ಒಲೆಯ ಮುಂದೆ ಮನೆಯ ಗಂಡಸರು ಬೆವರುತ್ತ ಕೂರುವುದನ್ನೂ ಹಿಂದಿನ ಕೋಣೆಯಲ್ಲಿ ಸೊಸೆ ಹಲ್ಲು ಕಟಕಟಿಸುತ್ತ ಮಲಗುವುದನ್ನೂ ಕಂಡು ಅವರಿಗೆ ಮೈಯೆಲ್ಲ ಉರಿದಿತ್ತು. ಆ ಸಿಟ್ಟಿನಿಂದಲೇ ಎಲ್ಲ ಕೋಣೆಗೂ ಒಂದೇ ಬಿಸಿ ಹಂಚುವ 'ಸಮಶಾಖ' ಹುಟ್ಟಿತು; ಅದನ್ನು ಪರೀಕ್ಷೆಗೆಂದು ಮೊದಲು ಕೂಡಿಸಿದ್ದು ಅನ್ವಿತಾಳ ಈ ಮನೆಯಲ್ಲಿ. ಹಜಾರದಲ್ಲೊಂದು ಒಲೆ, ನೆಲಮಾಳಿಗೆಯಲ್ಲೊಂದು ಕುಲುಮೆ. ಎರಡಕ್ಕೂ ಉರುವಲು ಪೆಲೆಟ್, ಅಂದರೆ ಬಾರ್ಲಿ ಹುಲ್ಲು, ವಿಲೋ ಮರದ ರೆಂಬೆಗಳನ್ನು ಪುಡಿಮಾಡಿ ಒತ್ತಿದ ಬೆರಳ ತುದಿಯಷ್ಟರ ಗುಳಿಗೆಗಳು. ಇಷ್ಟು ಹಳೆಯದೇ. ಹೊಸದೆಂದರೆ ಗೋಡೆಗಳು. ಗಾರೆಯೊಳಗೆ ಕೂದಲೆಳೆಯಷ್ಟು ತೆಳ್ಳಗಿನ ನಾಳಗಳ ಬಲೆಯಿದ್ದು, ಅದರಲ್ಲಿ ಹರಿಯುವ ದ್ರವ ಬಿಸಿ ಹೆಚ್ಚಿರುವಲ್ಲಿ ಹೀರಿಕೊಂಡು ಕಡಿಮೆ ಇರುವಲ್ಲಿ ಬಿಡುತ್ತಿತ್ತು. ಇಡೀ ಮನೆಗೆ ಒಂದೇ ಅಂಕಿ. ಆ ಅಂಕಿ ತಲುಪಿದ ಕೂಡಲೇ ಒಲೆ, ಕುಲುಮೆ ಎರಡೂ ತಾವಾಗಿ ಆರುತ್ತಿದ್ದವು, ಕುಲುಮೆಯ ಜೊತೆಗೆ ಹೊರಗಾಳಿ ತರುವ ಫ್ಯಾನೂ ನಿಲ್ಲುತ್ತಿತ್ತು.

"ಈ ಕ್ವಾಣಿ ಒಂದನ್ನ ಸ್ವಲ್ಪ ಬೆಚ್ಚಗ ಮಾಡ್ಕೊಡ್ರಿ" ಎಂದರು ದಾಕ್ಷಾಯಣಿ. "ಬಾಣಂತಿ ಕ್ವಾಣಿ ಇದು."

"ಒಂದು ಕೋಣೆಗೆ ಹೆಚ್ಚು ಕೊಟ್ರೆ ಇನ್ನೊಂದಕ್ಕೆ ಕಡಿಮೆಯಾಗುತ್ತಲ್ಲಮ್ಮಾ. ಆಮೇಲೆ ಹಳೇ ಕತೆಯೇ. ಇಪ್ಪತ್ತೆರಡು ಎಲ್ಲರಿಗೂ ಸಾಕು."

"ಎಲ್ಲಾರಿಗೂ ಸಾಕ್ರಿ. ಇದಕ್ಕ ಸಾಲಂಗಿಲ್ಲ."

ವೇದವಲ್ಲಿ ನಕ್ಕು ಉಷ್ಣಮಾಪಕವನ್ನು ಮತ್ತೊಮ್ಮೆ ತೋರಿಸಿದರು. ಮರುದಿನ ಮಧ್ಯಾಹ್ನ ಕಣಿವೆಯ ಹಿರಿಯರು ಮನೆ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಕಣಿವೆಯ ಎಲ್ಲ ಮನೆಗಳಿಗೂ ಸಮಶಾಖ ಬರುತ್ತಿತ್ತು. ಒಬ್ಬ ಅಜ್ಜಿಯ ಹಟಕ್ಕೆ ಅಂಕಿ ಬದಲಿಸುವ ಹೊತ್ತು ಅದಾಗಿರಲಿಲ್ಲ.

ಮಾತಿನಿಂದ ಆಗದ್ದನ್ನು ದಾಕ್ಷಾಯಣಿ ಕೈಯಿಂದ ಮಾಡಿದರು. ಅವರ ತವರಿನಲ್ಲಿ ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡದ ಮನೆಯೇ ಇರಲಿಲ್ಲ. ಇಲ್ಲಿ ಇದ್ದಿಲು ಸಿಗದು, ಪೆಲೆಟ್ ಚೀಲ ಮಾತ್ರ ಬೇಕಾದಷ್ಟಿತ್ತು. ಮರುದಿನ ಬೆಳಗ್ಗೆ ಹಳೆಯ ಕಬ್ಬಿಣದ ಬಾಣಲೆಗೆ ಪೆಲೆಟ್ ಸುರಿದು ಅಂಗಳದಲ್ಲಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡವಾಗುವವರೆಗೆ ಕಾದು, ಒಳಗೆ ತಂದು ಮಂಚದ ಕೆಳಗಿಟ್ಟರು. ಮೇಲೆ ಒಂದು ಹಿಡಿ ಓಮ, ಬೆಳ್ಳುಳ್ಳಿ ಸಿಪ್ಪೆ. ಆದರೆ ಕೋಣೆ ಬಿಸಿಯಾಗಲಿಲ್ಲ. ಗೋಡೆಗಳು ತಮ್ಮ ಧರ್ಮ ಬಿಡದೆ ಆ ಬಿಸಿಯನ್ನೂ ಹೀರಿ ಹಜಾರಕ್ಕೆ, ಬಚ್ಚಲಿಗೆ ಸಮನಾಗಿ ಹಂಚಿದವು.

"ಕೆಂಡ ಹಾಕಿದಷ್ಟೂ ಈ ಗ್ವಾಡಿ ನುಂಗಾಕತ್ತೈತಲ್ಲ ಅನ್ವೀ" ಎನ್ನುತ್ತ ಅವರು ಇನ್ನೊಂದು ಬಾಣಲೆ ತಂದರು.

"ಸಾಕ ಬಿಡವ್ವ" ಎಂದಳು ಮಗಳು. ಅವಳಿಗೆ ನಿದ್ದೆ ಎಳೆಯುತ್ತಿತ್ತು.

ಮಧ್ಯಾಹ್ನ ಹಿರಿಯರನ್ನು ಕರೆದುಕೊಂಡು ಬರುತ್ತಿದ್ದ ವೇದವಲ್ಲಿ ರಸ್ತೆಯ ತಿರುವಿನಲ್ಲಿ ಮನೆಯ ಚಿಮಣಿ ನೋಡಿದರು. ಹೊಗೆಯ ಸುಳಿವೇ ಇರಲಿಲ್ಲ. ಮನೆಯ ಅಂಕಿಗಳನ್ನು ದೂರದಿಂದಲೇ ತೋರಿಸುವ ಕೈಯಂತ್ರ ಎಲ್ಲ ಕೋಣೆಗಳಲ್ಲೂ ಇಪ್ಪತ್ತೆರಡು, ಕುಲುಮೆ ಆರಿ ಮೂರು ಗಂಟೆಯಾಯಿತು ಎನ್ನುತ್ತಿತ್ತು. ಮೊದಲು ಅವರ ಎದೆ ಹಿಗ್ಗಿತು. ಉರುವಲೇ ಇಲ್ಲದೆ ಇಷ್ಟು ಬಿಸಿ! ಮರುಕ್ಷಣವೇ ಅನುಮಾನ ಬಂತು. ಇಂಥ ಚಳಿಯಲ್ಲಿ ಯಾವ ಮನೆಯೂ ತಾನಾಗಿ ಬೆಚ್ಚಗಿರದು. ಕುಲುಮೆ ಆರಿದೆಯೆಂದರೆ ಒಳಗೆ ಬೇರೆಲ್ಲೋ ಬೆಂಕಿಯಿದೆ, ಮತ್ತು ಫ್ಯಾನ್ ನಿಂತಿದೆ. ಅವರು ಹಿರಿಯರನ್ನು ಅಲ್ಲೇ ಬಿಟ್ಟು ಓಡಿದರು.

ಬಾಗಿಲು ತೆರೆದಾಗ ಓಮದ ವಾಸನೆ ಮೂಗಿಗೆ ಬಡಿಯಿತು. ದಾಕ್ಷಾಯಣಿ ಗೋಡೆಗೊರಗಿ ತಲೆ ಹಿಡಿದುಕೊಂಡಿದ್ದರು. ಎಷ್ಟು ಕರೆದರೂ ಅನ್ವಿತಾ ಏಳಲಿಲ್ಲ. ಕೂಸು ಅಲುಗಲಿಲ್ಲ. ವೇದವಲ್ಲಿ ಕಿಟಕಿಗಳನ್ನು ಒಂದೊಂದಾಗಿ ಪೂರ್ತಿ ತೆರೆದಿಟ್ಟರು. ಹತ್ತು ವರ್ಷ ಯಾವ ಚಳಿಯನ್ನು ಹೊರಗಿಡಲು ದುಡಿದಿದ್ದರೋ ಅದನ್ನು ತಮ್ಮ ಕೈಯಾರೆ ಒಳಗೆ ಕರೆದರು. ಕೂಸನ್ನು ಕೋಟಿನೊಳಗೆ ಎದೆಗವಚಿಕೊಂಡು ಅಂಗಳಕ್ಕೆ ಬಂದು ಬೆನ್ನು ಸವರಿದರು. ಅದು ಒಮ್ಮೆ ಬಿಕ್ಕಿತು, ಆಮೇಲೆ ಚೀರಿ ಅತ್ತಿತು. ಅಷ್ಟರಲ್ಲಿ ಹಿರಿಯರು ಬಂದು ತಾಯಿ-ಮಗಳಿಬ್ಬರನ್ನೂ ಹೊರಗೆ ತಂದಿದ್ದರು.

ವಸತಿಯ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಮೂವರೂ ಚೇತರಿಸಿಕೊಂಡರು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗದಗಿನ ಹಳೆಯ ಮನೆಯಲ್ಲಿ ಅದು ಹಂಚಿನ ಸಂದಿಯಿಂದ ಹೊರಟುಹೋಗುತ್ತಿತ್ತು. ಈ ಮನೆಯಲ್ಲಿ ಸಂದಿಯೇ ಇರಲಿಲ್ಲ. ಬೆಂಕಿ ಇರುವುದು ಒಲೆ, ಕುಲುಮೆಗಳಲ್ಲಷ್ಟೇ ಎಂದು ಅನಿಲ ಪತ್ತೆಹಚ್ಚುವ ಗಂಟೆಯನ್ನೂ ವೇದವಲ್ಲಿ ಅಲ್ಲಷ್ಟೇ ಇಟ್ಟಿದ್ದರು.

"ಹೊಗಿ ಹೋಗೂತನಾ ಹೊರಗ ಇಟ್ಟಿದ್ನೆಲ್ರಿ" ಎಂದು ದಾಕ್ಷಾಯಣಿ ಬಿಕ್ಕಿದರು. "ಹೊಗಿ ಇಲ್ಲಂದ್ರ ಏನೂ ಆಗಂಗಿಲ್ಲ ಅನ್ಕೊಂಡಿದ್ದೆ. ನನ್ನ ಕೈಲೇ ಎಲ್ಲಾ ಮುಗೀತಿತ್ತು."

ವೇದವಲ್ಲಿ ಅವರ ಕೈ ಹಿಡಿದುಕೊಂಡರು. "ನೀವು ಚಳಿ ಅಂದ್ರಿ, ನಾನು ಅಂಕಿ ತೋರಿಸಿದೆ. ಕೂಸಿನ ಪಾದ ಒಂದ್ಸಲ ಮುಟ್ಟಿದ್ರೆ ಸಾಕಿತ್ತು." ದಿನ ತುಂಬದೆ ಹುಟ್ಟಿದ ಕೂಸಿಗೆ ಇಪ್ಪತ್ತೆರಡು ಸಾಲದು, ಕೋಣೆ ಇನ್ನೂ ಬೆಚ್ಚಗಿರಬೇಕು ಎಂದು ಆಸ್ಪತ್ರೆಯ ವೈದ್ಯೆಯೂ ಹೇಳಿದ್ದರು.

ಹಿರಿಯರ ಸಭೆಯಲ್ಲಿ ವೇದವಲ್ಲಿ ತಾವಾಗಿಯೇ ಇನ್ನೊಂದು ಚಳಿಗಾಲದ ಗಡುವು ಕೇಳಿದರು. ಫ್ಯಾನನ್ನು ಕುಲುಮೆಯಿಂದ ಬಿಡಿಸಿ ಸದಾ ತಿರುಗುವಂತೆ ಮಾಡಿದರು, ಕೋಣೆಗೊಂದು ಗಂಟೆ ಕಟ್ಟಿದರು. ಗೋಡೆಗಳಿಗೆ ಹೊಸ ಪಾಠ ಕಲಿಸಿದರು. ಎಲ್ಲ ಕೋಣೆಗಳಿಗೂ ಮೊದಲು ಸಮನಾಗಿ ಹಂಚಿ, ಆಮೇಲೆ ಯಾರು ಕೇಳುತ್ತಾರೋ ಅವರಿಗೆ ಇನ್ನೊಂದು ಸೌಟು. ಮರು ಚಳಿಗಾಲದಲ್ಲಿ ಕಣಿವೆ ಒಪ್ಪಿತು. ದಾಕ್ಷಾಯಣಿಯ ಮೊಮ್ಮಗಳು ಆಗ ಅದೇ ಕೋಣೆಯಲ್ಲಿ ಅಂಗಿ ಕಿತ್ತೆಸೆದು ಅಂಬೆಗಾಲಿಡುತ್ತಿದ್ದಳು.

ಆಮೇಲಿನ ವರ್ಷಗಳಲ್ಲಿ ಹಿಮಾಲಯದ ಉದ್ದಕ್ಕೂ ಸಮಶಾಖದ ಮನೆಗಳಾದವು. ಅವನ್ನು ಕೂಡಿಸಲು ಹೋಗುವವರು ಕುಲುಮೆಯ ಅಳತೆ ತೆಗೆಯುವ ಮೊದಲು ಮನೆಯವರನ್ನೆಲ್ಲ ಹಜಾರದಲ್ಲಿ ಕೂರಿಸಿ ಒಂದು ಪ್ರಶ್ನೆ ಕೇಳಬೇಕು. ಇದು ವೇದವಲ್ಲಿ ಹಾಕಿಕೊಟ್ಟ ಪದ್ಧತಿ. "ಈ ಮನೆಯಲ್ಲಿ ಹೆಚ್ಚು ಚಳಿ ಯಾರಿಗೆ?" ಉತ್ತರಕ್ಕೆ ಯಜಮಾನ ಬಾಯಿ ತೆರೆದರೆ ಅವನನ್ನು ಸುಮ್ಮನಿರಿಸಿ ಹಿಂದೆ ಕೂತವರ ಕಡೆ ನೋಡಬೇಕು. ಎಷ್ಟೋ ಮನೆಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಎಂದೂ ಕೇಳಿರುವುದಿಲ್ಲ. ಅದನ್ನು ಕೇಳಲು ಪೆಲೆಟ್ ಬೇಕಿಲ್ಲ, ಕುಲುಮೆ ಬೇಕಿಲ್ಲ, 2061ರವರೆಗೆ ಕಾಯಲೂ ಬೇಕಿಲ್ಲ.