ಹಾಲಿನ ದಾರಿ

ಟಕ್.

ನಡುರಾತ್ರಿಯಲ್ಲಿ ಡಬ್ಬದ ಮುಚ್ಚಳ ಮುಚ್ಚಿದ ಸದ್ದು. ಎದ್ದು ಕೂತೆ. ಮಗು ತೊಟ್ಟಿಲಲ್ಲಿ ನಿದ್ರಿಸುತ್ತಿತ್ತು. ಇಲಿಯಿರಬೇಕು ಎಂದುಕೊಂಡೆ.

ಬೆಳಗಾದರೆ, ನಮ್ಮ ಹಂದಿ ಫಾರಂನಲ್ಲಿ ಮತ್ತೆ ಆರು ಮರಿಗಳು ಸತ್ತಿದ್ದವು.

ವೈರಸ್ ಎಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಹೊಸದಾಗಿ ತಂದ ತಾಯಿಹಂದಿಯ ಒಂದನೇ ಗೂಡಿನಲ್ಲಿ ಶುರುವಾಗಿದ್ದು. ಅದನ್ನು ಬೇರೆ ಗೂಡುಗಳಿಗೆ ಒಯ್ದವರು ಯಾರು?

"ಇನ್ಯಾರು? ಮೇಸ್ತ್ರಿ!" ನನ್ನ ಗಂಡ ಕೆಂಡವಾಗಿದ್ದರು. "ಬೂಟು ತೊಳೀದೆ ಒಳಗೆ ಹೋಗ್ತಾನೆ. ನಾಳೆಯಿಂದ ಕೆಲಸಕ್ಕೆ ಬರೋದು ಬೇಡ."

"ಧಣಿ, ನನ್ನ ಬೂಟು ನಿಮ್ಮ ಊಟದ ತಟ್ಟೆಗಿಂತ ಚೊಕ್ಕಟ," ಎಂದ ಮೇಸ್ತ್ರಿ. ತಮಾಷೆಗೆ ಹೊರಟ ದನಿ ನಡುವೆಯೇ ಒಡೆಯಿತು.

ಅಷ್ಟರಲ್ಲಿ ಬಂದ ಪಶುವೈದ್ಯೆ ಡಾಕ್ಟರಮ್ಮ ಯಾರ ಪರವೂ ಮಾತಾಡಲಿಲ್ಲ. ಗಂಡನನ್ನು ಹೊರಗೇ ನಿಲ್ಲಿಸಿ ಒಳಗೆ ನಡೆದರು. ಗೂಡಿಗೊಂದು ಜೊತೆ ಕೈಗವಸು, ಗೂಡಿಗೊಂದು ಸೂಜಿ. ಆರೋಗ್ಯವಾಗಿದ್ದವನ್ನು ಮೊದಲು, ರೋಗದವನ್ನು ಕೊನೆಗೆ ನೋಡಿದರು. ಎಂಥ ಶಿಸ್ತು! ಅವರ ಪೆಟ್ಟಿಗೆ ಹಿಡಿದು ನಾನು ಹಿಂದೆಯೇ ಇದ್ದೆ, ನನ್ನ ಹಿಂದೆ ಮೇಸ್ತ್ರಿ.

ಒಂದು ಮರಿಯನ್ನೆತ್ತಿ ಮೂಸಿದರು. ಹುಬ್ಬು ಮೇಲೇರಿತು.

"ಯಾವ್ಯಾವ ಗೂಡಲ್ಲಿ ಕಾಯಿಲೆ?"

"ಒಂದು, ನಾಲ್ಕು, ಒಂಬತ್ತು," ಎಂದ ಮೇಸ್ತ್ರಿ.

"ಪಕ್ಕದ ಎರಡನೇದು?"

"ಚೆನ್ನಾಗೇ ಇದೆ."

"ಬೂಟಾಗಿದ್ರೆ ರೋಗ ಪಕ್ಕದ್ದನ್ನ ಬಿಟ್ಟು ಹಾರುತ್ತಾ? — ನಾಲ್ಕು, ಒಂಬತ್ತರಲ್ಲಿ ಮರಿ ಎಷ್ಟು?"

"ಕಮ್ಮಿ. ಹಾಲು ಮಿಗ್ತಿತ್ತು."

"ಒಂದರಲ್ಲಿ?"

"ಹದಿನಾರು. ಮೊಲೆ ಸಾಲದೆ ಕಿರುಚ್ತಿದ್ವು."

ಡಾಕ್ಟರಮ್ಮ ನಕ್ಕರು. "ಹಾಗಾದ್ರೆ ರೋಗ ಕಾಲಿನ ದಾರಿ ಹಿಡಿದಿಲ್ಲ, ಹಾಲಿನ ದಾರಿ ಹಿಡಿದಿದೆ. ಹಸಿದ ಮರಿಗಳನ್ನ ಯಾರೋ ಎತ್ಕೊಂಡು ಹೋಗಿ ಹಾಲಿದ್ದ ತಾಯಿಗೆ ಬಿಟ್ಟಿದ್ದಾರೆ. ಬೇರೆ ಮರಿ ಅಂತ ಹಂದಿಗೆ ವಾಸನೆಯಲ್ಲೇ ಗೊತ್ತಾಗುತ್ತೆ. ಅದಕ್ಕೇ ಎಲ್ಲಕ್ಕೂ ಒಂದೇ ವಾಸನೆ ಹಚ್ಚಿದ್ದಾರೆ. ಮೂಸಿ ನೋಡಿ."

ಮೂಸಿದೆ. ನನ್ನ ಮಗುವಿನ ಪೌಡರು!

ಟಕ್ — ಇಲಿಯಲ್ಲ.

ಹಿಂಬಾಗಿಲಲ್ಲಿ ಅತ್ತೆ ನಿಂತಿದ್ದರು. "ಕೂಸುಗಳು ಹಸಿದು ಅಳ್ತಿದ್ರೆ ನಿದ್ದೆ ಹೇಗೆ ಬರುತ್ತಮ್ಮಾ?" ಎಂದರು ಮೆಲ್ಲಗೆ.

ಡಾಕ್ಟರಮ್ಮ ಮೇಸ್ತ್ರಿಯತ್ತ ತಿರುಗಿದರು. "ನಿಂಗೆ ಗೊತ್ತಿತ್ತು, ಅಲ್ವಾ?"

"ರೋಗ ಹರಡುತ್ತೆ ಅಂತ ಗೊತ್ತಿರ್ಲಿಲ್ಲ," ಎಂದು ತಲೆತಗ್ಗಿಸಿದ. "ಅಮ್ಮಾವ್ರದು ಅನ್ನ ಹಾಕಿದ ಕೈ. ಅವರ ಹೆಸರು ಹೇಗೆ ಹೇಳ್ಲಿ?"

ಡಾಕ್ಟರಮ್ಮ ಅತ್ತೆಯ ಕೈ ಹಿಡಿದರು. "ಉಪಾಯ ಜಾಣತನದ್ದೇ, ಅಮ್ಮ. ರೋಗವಿಲ್ಲದಾಗ ನಾವೂ ಮಾಡ್ತೀವಿ. ಈಗ ಮಾತ್ರ ಮರಿ ತಾಯಿಯನ್ನ ಬಿಟ್ಟು ಕದಲಬಾರದು. ಹಸಿದವಕ್ಕೆ ಬಾಟಲಿ ಹಾಲು. ಗೂಡಿಗೊಂದು ಬಾಟಲಿ."

ಹೊರಗೆ ಬಂದು ನನ್ನ ಗಂಡನಿಗೆ ಇಷ್ಟೇ ಹೇಳಿದರು: "ಗೂಡಿಂದ ಗೂಡಿಗೆ ಮರಿ ಬದಲಾಯಿಸಿದ್ದಕ್ಕೆ ಹರಡಿದೆ. ಮೇಸ್ತ್ರಿ ಮಾಡಿದ್ದಲ್ಲ. ಅವನ ಕೆಲಸ ಮುಟ್ಟಬೇಡಿ."

"ಮತ್ತೆ ಯಾರು?"

"ನಾನು ಹುಡುಕಿದ್ದು ರೋಗದ ದಾರಿ. ಸಿಕ್ತು, ಮುಚ್ಚಿಸಿದ್ದೀನಿ."

ಸಂಜೆ ಗಂಡ ಮಗುವಿನ ಪೌಡರ್ ಡಬ್ಬ ಅಲ್ಲಾಡಿಸಿದರು. "ಮೊನ್ನೆ ತಾನೇ ತಂದಿದ್ದು! ಆಗಲೇ ಖಾಲಿನಾ?"

ಅತ್ತೆಯ ಕೈಯ ಲೋಟ ತುಟಿಯ ಬಳಿಯೇ ನಿಂತಿತು. ಅವರ ಮುಖ ನೋಡಿದೆ. ನನ್ನ ಬಾಯಿಂದ ಈ ಮಾತು ಯಾರ ಕಿವಿಗೂ ಹೋಗದು ಎಂದು ಆ ಕ್ಷಣವೇ ನಿಶ್ಚಯಿಸಿದೆ.

"ಚೆಲ್ಲಿಬಿಟ್ಟೆ," ಎಂದೆ. "ನಾಳೆ ಎರಡು ಡಬ್ಬ ತನ್ನಿ."