ಹನ್ನೆರಡನೆಯ ಕ್ಯಾನು

“ಈ ಹಾಲು ತಗೊಳ್ಳೋಕಾಗಲ್ಲ, ಗೋಗೋ,” ಎಂದ ಕಿಬೋರ್, ಹಾಲಿನ ಸಂಘದಲ್ಲಿ ಹಾಲು ಪರೀಕ್ಷಿಸುವವನು.

ಸಾಲಿನಲ್ಲಿ ನಿಂತಿದ್ದವರೆಲ್ಲ ಒಮ್ಮೆಗೇ ಮಾತು ನಿಲ್ಲಿಸಿದರು. ಎಲ್ಲರೂ ಗೋಗೋ ಎನ್ನುವ ತನ್ನ ಅಜ್ಜಿಯ ಪಕ್ಕದಲ್ಲಿ ಸ್ಕೂಲ್ ಯೂನಿಫಾರ್ಮಿನಲ್ಲಿ ನಿಂತಿದ್ದ ಜೆಮೆಲಿಗೆ ಕಿವಿಯೆರಡೂ ಬಿಸಿಯಾದವು.

“ಯಾಕೆ ಮಾಮಾ? ಒಂದು ತೊಟ್ಟು ನೀರು ಹಾಕಿಲ್ಲ!”

“ನೀರು ಹಾಕಿದೀರಾ ಅಂತ ನಾನೆಲ್ಲಿ ಕೇಳ್ದೆ?” ಕಿಬೋರ್ ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದ. ಅದರಲ್ಲಿ ಗೋಗೋ ತಂದ ಹಾಲು ಒಂದಿಷ್ಟು, ಸ್ಪಿರಿಟ್ ಒಂದಿಷ್ಟು. ಹಾಲು ಚೆನ್ನಾಗಿದ್ದರೆ ಗಾಜಿನ ಮೇಲೆ ನುಣ್ಣಗೆ ಜಾರಿ ಇಳಿಯುತ್ತದೆ. ಇದು ರವೆ ಅಂಟಿದ ಹಾಗೆ ಕಾಳು ಕಾಳಾಗಿ ಕೂತಿತ್ತು. “ಒಡೀತಿದೆ ನೋಡಿ ಗೋಗೋ. ಹಸು ಕೆಚ್ಚಲು ಮುಟ್ಟಿ ನೋಡಿ, ಬಿಸಿ ಇರಬಹುದು. ಸಂಜೆಗೆ ಡಾಕ್ಟರನ್ನ ಕಳಿಸ್ತೀನಿ.”

ಗೋಗೋ ಕ್ಯಾನಿನ ಮುಚ್ಚಳ ಹಾಕಿ, ಬಂದ ದಾರಿಯಲ್ಲೇ ತಿರುಗಿದಳು. ಕಪ್ಲೆಲ್ಮೆ ಹಾಲಿನ ಸಂಘ ಶುರುವಾದ ದಿನದಿಂದ ಅವಳು ಅದರ ಸದಸ್ಯೆ. ಒಂದು ದಿನವೂ ಅವಳ ಹಾಲು ಹೀಗೆ ವಾಪಸ್ ಬಂದಿರಲಿಲ್ಲ. ಅಷ್ಟು ಜನರ ಎದುರು ತುಂಬಿದ ಕ್ಯಾನು ಹೊತ್ತು ಮನೆಗೆ ಹೋಗುವುದೆಂದರೇನು ಅಂತ ಆ ಕಿಬೋರ್‌ಗೆ ಗೊತ್ತಿದೆಯಾ? ಜೆಮೆಲಿಗೆ ಅಳು ಬಂತು, ಆದರೆ ಹಲ್ಲು ಕಚ್ಚಿ ತಡೆದುಕೊಂಡಳು. ಇನ್ನು ಮೇಲೆ ಆ ಮನುಷ್ಯನ ಹತ್ತಿರ ಮಾತೇ ಆಡುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದಳು.

ಕಿಬೋರ್ ಹೇಳಿದ್ದು ನಿಜವೇ ಆಗಿತ್ತು. ಅವರ ಹಸು ಚೆಪ್ತುಯ್‌ಗೆ ಕೆಚ್ಚಲು ಬಾತಿತ್ತು. ಸಂಘದ ಡಾಕ್ಟರು ಸಂಜೆಯೇ ಬಂದು ಸೂಜಿ ಚುಚ್ಚಿದರು. ಹತ್ತು ದಿನ ಹಾಲನ್ನೆಲ್ಲ ಮಣ್ಣಿಗೆ ಚೆಲ್ಲಿದ್ದಾಯಿತು. ಡಾಕ್ಟರು ಒಳ್ಳೆಯವರು ಎಂದು ಜೆಮೆಲಿ ಒಪ್ಪಿಕೊಂಡಳು. ಕಿಬೋರ್ ಮಾತ್ರ ಕೆಟ್ಟವನೇ.

ಅವಳ ಕೋಪ ಆರದ ಹಾಗೆ ನೋಡಿಕೊಳ್ಳುವುದಕ್ಕೆ ಕ್ಲಾಸಿನಲ್ಲಿ ಕಿಗೆನ್ ಇದ್ದನಲ್ಲ.

“ಏ ಒಡೆದ ಹಾಲು! ರಬ್ಬರ್ ಕೊಡೇ!”

“ನಿನ್ನ ತಲೆ ಒಡೀತೀನಿ ನೋಡು.”

“ಒಡಿ. ಒಡೆಯೋದು ನಿಮ್ಮನೇಲಿ ಅಭ್ಯಾಸ ಅಲ್ವಾ?”

ಇಡೀ ಬೆಂಚು ನಕ್ಕಿತು. ಜೆಮೆಲಿ ರಬ್ಬರ್ ಕೊಡಲಿಲ್ಲ.

ಐದು ವಾರ ಹೀಗೇ ಕಳೆಯಿತು. ಚೆಪ್ತುಯ್ ಹುಷಾರಾದಳು, ಹಾಲು ಮಾತ್ರ ಕಡಿಮೆಯಾಯಿತು. ಮೊದಲು ಬೆಳಗ್ಗೆ ಐದು ಲೀಟರ್ ಕೊಡುತ್ತಿದ್ದವಳು ಈಗ ಎರಡೂವರೆಗೆ ಇಳಿದಿದ್ದಳು. ಅಷ್ಟರಲ್ಲಿ ಸಂಘದ ಶುಕ್ರವಾರ ಬಂತು.

ವರ್ಷಕ್ಕೊಂದು ಶುಕ್ರವಾರ ಸಂಘದವರೆಲ್ಲ ಶಾಲೆಗೆ ಬರುತ್ತಾರೆ. ಬೆಳಗಿನ ಹಾಲು ಲಾರಿ ಹತ್ತಿದ ಮೇಲೆ ಆಫೀಸಿಗೆ ಬೀಗ. ಮ್ಯಾನೇಜರ್ ಮೇಡಂ, ಲೆಕ್ಕ ಬರೆಯುವ ಹುಡುಗಿ, ಲಾರಿ ಡ್ರೈವರ್, ಎಲ್ಲರೂ ಗುದ್ದಲಿ ಬಾಂಡ್ಲಿ ಹಿಡಿದು ಶಾಲೆಯ ಕೆಲಸ ಮಾಡಿಕೊಡುತ್ತಾರೆ. ಕಳೆದ ವರ್ಷ ನೀರಿನ ಟ್ಯಾಂಕ್ ಕೂರಿಸಿದ್ದರು. ಈ ಸಲ ಅಡುಗೆಮನೆಯ ಬಿದ್ದ ಗೋಡೆ, ಹೊಸ ಒಲೆ. ಅವತ್ತು ಊರಿನ ಸದಸ್ಯರು ತಲೆಗೊಂದು ಕ್ಯಾನು ಹಾಲು ತಂದು ಶಾಲೆಗೆ ಕೊಡಬೇಕು. ಹೆಸರು ಕೂಗುತ್ತಾರೆ, ಕ್ಯಾನಿನ ಹಾಲನ್ನು ದೊಡ್ಡ ಪಾತ್ರೆಗೆ ಸುರಿಯುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಮುನ್ನೂರು ಮಕ್ಕಳಿಗೆ ಗಟ್ಟಿ ಹಾಲಿನ ಚಹಾ.

“ನಮ್ಮ ಕ್ಯಾನು ಅರ್ಧ ಮಾತ್ರ ಆಗುತ್ತೆ, ಗೋಗೋ,” ಎಂದಳು ಜೆಮೆಲಿ ಗುರುವಾರ.

“ಅರ್ಧ ಇದ್ರೆ ಅರ್ಧ. ಹಾಲು ತಾನೇ?”

“ಎಲ್ಲರೂ ನೋಡ್ತಾರೆ!”

“ನೋಡ್ಲಿ ಬಿಡು. ಕಣ್ಣಿರೋದೇ ನೋಡೋಕೆ.” ಗೋಗೋ ಮೆಕ್ಕೆಜೋಳ ಬಿಡಿಸುವುದನ್ನು ನಿಲ್ಲಿಸಲೇ ಇಲ್ಲ.

ಜೆಮೆಲಿಗೆ ಬಿಡಲಾಗಲಿಲ್ಲ. ಗೋಗೋಳ ಹೆಸರು ಕೂಗಿದಾಗ ಕ್ಯಾನು ತುಂಬಿರಲೇಬೇಕು. ಕಿಗೆನ್ ನೋಡಬೇಕು, ಸಾಲಿನಲ್ಲಿ ಅವತ್ತು ನಿಂತಿದ್ದವರೆಲ್ಲ ನೋಡಬೇಕು, ಎಲ್ಲರಿಗಿಂತ ಮೊದಲು ಕಿಬೋರ್ ನೋಡಬೇಕು.

ಗೋಗೋಗೆ ಮಂಡಿ ನೋವು. ಹಾಗಾಗಿ ಹಾಲು ಕರೆಯುವುದು ಜೆಮೆಲಿಯ ಕೆಲಸ. ಗುರುವಾರ ಸಂಜೆ ಕರೆದ ಹಾಲನ್ನು ಅವಳು ಒಂದು ಜಗ್ಗಿಗೆ ಹಾಕಿ, ಮುಚ್ಚಿ, ಬಾಗಿಲ ಹಿಂದೆ ಇಟ್ಟಳು.

“ಚಹಾಕ್ಕೆ ಹಾಲೆಲ್ಲೇ?”

“ಕರುವಿಗೇ ಬಿಟ್ಟುಬಿಟ್ಟೆ, ಗೋಗೋ. ಪಾಪ, ಹಸಿದಿತ್ತು.”

ಇಬ್ಬರೂ ಕರಿ ಚಹಾ ಕುಡಿದರು. ಬೆಳಗ್ಗೆ ಗೋಗೋ ತಲೆಗೆ ವಸ್ತ್ರ ಕಟ್ಟಿಕೊಳ್ಳುತ್ತಿದ್ದಾಗ ಜೆಮೆಲಿ ಜಗ್ಗಿನ ಹಾಲು ಮೂಸಿ ನೋಡಿದಳು. ವಾಸನೆ ಏನೂ ಇರಲಿಲ್ಲ. ಬೆಳಗಿನ ಹಾಲಿಗೆ ಅದನ್ನು ಸುರಿದಳು. ಕ್ಯಾನು ಕತ್ತಿನವರೆಗೆ ಬಂತು.

ಗೋಗೋ ಎತ್ತಿ ನೋಡಿದಳು. “ಅರೆ, ಚೆಪ್ತುಯ್ ಇವತ್ತು ಮನಸ್ಸು ಮಾಡಿದಾಳಲ್ಲೇ!” ಅಂದಳು, ಮುಖ ಅರಳಿಸಿ. ಜೆಮೆಲಿಗೂ ಖುಷಿಯಾಯಿತು.

ಶಾಲೆಯಲ್ಲಿ ಎಂಟು ಗಂಟೆಗೇ ಗದ್ದಲ. ಲೆಕ್ಕ ಬರೆಯುವ ಹುಡುಗಿ ಇಸ್ತ್ರಿ ಮಾಡಿದ ಸ್ಕರ್ಟು ಎತ್ತಿ ಕಟ್ಟಿ ಮಣ್ಣು ತುಳಿಯುತ್ತಿದ್ದಳು. ಅವಳು ಮೆತ್ತಿದ ಮಣ್ಣು ಗೋಡೆಯ ಮೇಲೆ ನಿಲ್ಲದೆ ಅವಳ ಕಾಲ ಮೇಲೇ ಬೀಳುತ್ತಿತ್ತು. ಡ್ರೈವರ್ ಒಲೆಗೆ ಕಲ್ಲು ಹೊರುತ್ತಿದ್ದ. ಹೆಡ್‌ಮಾಸ್ಟರು ಭಾಷಣ ಮಾಡಿದರು. ಮ್ಯಾನೇಜರ್ ಮೇಡಂ ಭಾಷಣ ಮಾಡಿದರು. ಹೆಡ್‌ಮಾಸ್ಟರು ಮೇಡಂಗೆ ಥ್ಯಾಂಕ್ಸ್ ಹೇಳುವ ಭಾಷಣ ಮಾಡಿದರು. ಮರದ ನೆರಳಲ್ಲಿ ಇಟ್ಟಿದ್ದ ಕ್ಯಾನುಗಳ ಮೇಲೆ ಬಿಸಿಲು ಬಂತು.

ಹನ್ನೊಂದಕ್ಕೆ ಕಿಬೋರ್ ಮೇಜು ಹಾಕಿ ಗಾಜಿನ ಕೊಳವೆಗಳನ್ನು ಜೋಡಿಸಿದ.

“ಏನಪ್ಪ ಇದು, ಪುಕ್ಕಟೆ ಕೊಡೋ ಹಾಲಿಗೂ ಟೆಸ್ಟಾ?” ಡ್ರೈವರ್ ಕಲ್ಲು ಇಳಿಸಿ ಕೇಳಿದ.

“ಮಕ್ಕಳ ಹೊಟ್ಟೆಗೆ ಹೋಗೋದು. ಇದಕ್ಕೇ ಮೊದಲು ಟೆಸ್ಟು,” ಎಂದ ಕಿಬೋರ್. “ಒಂದು ಕೆಟ್ಟ ಕ್ಯಾನು ಬಿದ್ರೆ ಕಾಯಿಸೋವಾಗ ಪಾತ್ರೆ ಪೂರ್ತಿ ಒಡೆದುಹೋಗುತ್ತೆ. ಆಮೇಲೆ ಮುನ್ನೂರು ಮಗ್ಗಿಗೆ ಏನು, ನೀನು ಹಾಲು ಕೊಡ್ತೀಯಾ?” ಮಕ್ಕಳು ಗೊಳ್ಳೆಂದರು. “ನಂಗೊಬ್ಬರು ಅಸಿಸ್ಟೆಂಟ್ ಬೇಕು. ಯಾರು ಬರ್ತೀರಾ?”

ಎಲ್ಲರಿಗಿಂತ ಮೊದಲು ಮೇಲೆದ್ದದ್ದು ಜೆಮೆಲಿಯ ಕೈ. ಸಹಾಯಕ್ಕೆ ಕೈ ಎತ್ತಿದ್ದಾಳೆ ಎಂದು ಎಲ್ಲರೂ ತಿಳಿದರು. ಅವಳು ಎತ್ತಿದ್ದು ಕಾವಲು ಕಾಯುವುದಕ್ಕೆ. ಈ ಸಲ ಕಿಬೋರ್ ಗೋಗೋಳ ಹಾಲಿಗೆ ಕೆಟ್ಟ ಹೆಸರು ತರಬಾರದು.

“ಗೋಗೋ ಕ್ಯಾನು ಬಂದಾಗ ಕೊಳವೆ ನಾನೇ ಹಿಡೀತೀನಿ,” ಎಂದಳು ಮೇಜನ್ನು ನೋಡುತ್ತಾ. ಐದು ವಾರದ ಮೇಲೆ ಅವನ ಹತ್ತಿರ ಆಡಿದ ಮೊದಲ ಮಾತು ಅದು.

ಕಿಬೋರ್ ಅವಳನ್ನೊಮ್ಮೆ ನೋಡಿದ. “ಹಿಡಿ. ಆದರೆ ಎಲ್ಲರದ್ದೂ ಹಿಡೀಬೇಕು. ಒಬ್ಬರದ್ದು ಮಾತ್ರ ಹಿಡಿದ್ರೆ ಅದು ಟೆಸ್ಟ್ ಅಲ್ಲ.”

ಅವನು ತೋರಿಸಿಕೊಟ್ಟ. ಹಾಲೆಷ್ಟೋ ಸ್ಪಿರಿಟ್ ಅಷ್ಟೇ. ಹೆಬ್ಬೆರಳಿನಿಂದ ಬಾಯಿ ಮುಚ್ಚಿ ಮೆಲ್ಲಗೆ ಮೇಲೆ ಕೆಳಗೆ ಮಾಡಬೇಕು. ಓರೆ ಮಾಡಿ ಬೆಳಕಿಗೆ ಹಿಡಿಯಬೇಕು. ಮೊದಲ ಹೆಸರು ಕೂಗಿದರು. ಜೆಮೆಲಿ ಕೊಳವೆ ಓರೆ ಮಾಡಿದಳು. ಹಾಲು ನುಣ್ಣಗೆ ಜಾರಿತು.

“ಚೆನ್ನಾಗಿದೆ,” ಎಂದಳು.

“ಜೋರಾಗಿ ಹೇಳು. ತಂದವರಿಗೆ ಕೇಳ್ಬೇಕು.”

“ಚೆನ್ನಾಗಿದೆ!”

ಚಪ್ಪಾಳೆ. ಎರಡನೆಯದು, ಮೂರನೆಯದು, ನಾಲ್ಕನೆಯದು. ಅವಳ ಕೈ ಪಳಗಿತು. ಜನ ಕ್ಯಾನು ತಂದಿಟ್ಟು ಅವಳ ಮುಖವನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಕಿಗೆನ್‌ನ ಅಪ್ಪ ಕೂಡ ಟೋಪಿ ತೆಗೆದು ನಿಂತಿದ್ದ. ಹನ್ನೊಂದು ಕ್ಯಾನು ಪಾತ್ರೆಗೆ ಬಿದ್ದವು.

“ತಪ್ರಂದಿಚ್!” ಮೇಡಂ ಗೋಗೋಳ ಹೆಸರು ಕೂಗಿದರು.

ಗೋಗೋ ಕುಂಟುತ್ತಾ ಬಂದು ತುಂಬಿದ ಕ್ಯಾನನ್ನು ಮೇಜಿನ ಮೇಲಿಟ್ಟಳು. ಅವಳ ಬೆನ್ನು ನೆಟ್ಟಗಿತ್ತು. ಜೆಮೆಲಿ ಹಾಲು ಹಾಕಿದಳು, ಸ್ಪಿರಿಟ್ ಹಾಕಿದಳು, ಓರೆ ಮಾಡಿದಳು.

ಕಾಳು ಕಾಳು.

ಜೆಮೆಲಿ ಮತ್ತೆ ಅಲ್ಲಾಡಿಸಿದಳು. ಕಾಳು ಹೋಗಲಿಲ್ಲ. ಬಾಗಿಲ ಹಿಂದಿನ ಜಗ್ಗು ನೆನಪಾಯಿತು.

ಪಕ್ಕದಲ್ಲಿ ಕಿಬೋರ್ ಬೆನ್ನು ಮಾಡಿ ಬಕೆಟ್ಟಿನಲ್ಲಿ ಕೊಳವೆ ತೊಳೆಯುತ್ತಿದ್ದ. ಬೇರೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ‘ಚೆನ್ನಾಗಿದೆ’ ಅಂದರೆ ಸಾಕು. ಚಪ್ಪಾಳೆ ಬೀಳುತ್ತದೆ, ಗೋಗೋ ನಗುತ್ತಾಳೆ. ಅಷ್ಟು ಹಾಲಿನಲ್ಲಿ ಇದೊಂದು ಕ್ಯಾನು ಯಾವ ಲೆಕ್ಕ? ಒಡೆಯದೇ ಇರಬಹುದು. ಒಡೆದರೂ ಯಾರ ಹಾಲಿನಿಂದ ಅಂತ ಯಾರಿಗೆ ಗೊತ್ತಾಗುತ್ತದೆ?

“ಬೇಗ ಹೇಳೇ, ಹಸಿವು!” ಎಂದು ಮಗ್ಗು ಬಡಿದ ಕಿಗೆನ್. ಅವನ ಹಿಂದೆ ಒಂದನೇ ಕ್ಲಾಸಿನ ಪುಟಾಣಿಗಳು, ಅವರ ಕೈಯಲ್ಲೂ ಮಗ್ಗುಗಳು. ಕೆಲವರು ಬೆಳಗ್ಗೆ ಏನೂ ತಿನ್ನದೆ ಬರುವವರು. ಜೆಮೆಲಿಗೆ ಅದು ಗೊತ್ತಿತ್ತು.

ಕ್ಯಾನು ಪಾತ್ರೆಗೆ ಸುರಿಯಲು ಡ್ರೈವರ್ ಕೈ ಚಾಚಿದ. ಜೆಮೆಲಿ ಕ್ಯಾನಿನ ಬಾಯಿಯ ಮೇಲೆ ತನ್ನ ಅಂಗೈ ಇಟ್ಟಳು.

“ಗೋಗೋ,” ಎಂದಳು. “ಈ ಹಾಲು ತಗೊಳ್ಳೋಕಾಗಲ್ಲ.”

ಗೋಗೋಳ ಮುಖದ ನಗು ಹಾಗೇ ನಿಂತು, ಮೆಲ್ಲಗೆ ಇಳಿಯಿತು. ಅದನ್ನು ನೋಡುವುದಕ್ಕಿಂತ ಓಡಿಹೋಗುವುದು ವಾಸಿ ಅನ್ನಿಸಿತು ಜೆಮೆಲಿಗೆ. ಅವಳು ಓಡಲಿಲ್ಲ.

“ಚೆಪ್ತುಯ್‌ಗೆ ಏನೂ ಆಗಿಲ್ಲ. ತಪ್ಪು ನಂದು. ನಿನ್ನೆ ಸಂಜೆ ಹಾಲು ಎತ್ತಿಟ್ಟು, ಬೆಳಗ್ಗೆ ಬೆರೆಸ್ದೆ. ಕ್ಯಾನು ತುಂಬ್ಲಿ ಅಂತ. ಗೋಗೋಗೆ ಗೊತ್ತೇ ಇರಲಿಲ್ಲ.” ಕೊನೆಯ ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳಿದಳು.

ಕಿಬೋರ್ ಬಂದು ಕೊಳವೆ ನೋಡಿದ. ಮುಚ್ಚಿಹಾಕಲೂ ಇಲ್ಲ, ಬೈಯಲೂ ಇಲ್ಲ. “ಹೌದು, ಒಡೆದಿದೆ. ಪಕ್ಕಕ್ಕಿಡಿ,” ಎಂದ. ಇನ್ನು ಕೊಳವೆ ಕಿತ್ತುಕೊಂಡು ತನ್ನನ್ನು ಸಾಲಿಗೆ ಕಳಿಸುತ್ತಾನೆ ಎಂದುಕೊಂಡಳು ಜೆಮೆಲಿ. ಅವನು ತೊಳೆದ ಕೊಳವೆಯನ್ನು ಅವಳ ಕೈಗೇ ಕೊಟ್ಟ. “ಇನ್ನೂ ಒಂಬತ್ತಿದೆ. ಬೇಗ.”

ಅವಳು ಒಂಬತ್ತನ್ನೂ ಮಾಡಿದಳು. ಉಳಿದದ್ದೆಲ್ಲ ಚೆನ್ನಾಗಿತ್ತು. ಪಾತ್ರೆ ಹೊಸ ಒಲೆಯ ಮೇಲೇರಿ, ಹಾಲು ಉಕ್ಕಿ ಬಂತು, ಒಡೆಯಲಿಲ್ಲ.

ಗೋಗೋ ಮನೆಗೆ ಹೋಗಿರಲಿಲ್ಲ. ಅಡುಗೆಮನೆಯ ಗೋಡೆಯ ಹತ್ತಿರ ಅವಳ ದನಿ ಕೇಳುತ್ತಿತ್ತು. “ಹಾಗಲ್ಲ ಮಗಳೇ, ಸಗಣಿ ಬೆರೆಸದೆ ಮೆತ್ತಿದ್ರೆ ಎಲ್ಲಿ ನಿಲ್ಲುತ್ತೆ? ಪೆನ್ನು ಹಿಡಿದ ಕೈ ಇದು. ಸರಿ ಆ ಕಡೆ, ನೋಡ್ಕೋ.” ಲೆಕ್ಕದ ಹುಡುಗಿ ನಗುತ್ತಾ ಸರಿದು ನಿಂತಿದ್ದಳು. ಗೋಗೋ ಮೆತ್ತಿದ ಮಣ್ಣು ಬೀಳಲಿಲ್ಲ.

ಜೆಮೆಲಿ ಅವಳಿಗೊಂದು ಮಗ್ಗು ಚಹಾ ತೆಗೆದುಕೊಂಡು ಹೋದಳು.

“ಕರುವಿಗೆ ಬಿಟ್ಟೆ ಅಂದಿದ್ದೆ,” ಎಂದಳು ಗೋಗೋ, ಗೋಡೆಯಿಂದ ಕಣ್ಣು ತೆಗೆಯದೆ.

“ಸುಳ್ಳು ಹೇಳ್ದೆ.”

“ಗೊತ್ತಾಯ್ತಲ್ಲ, ಹಾಲೇ ಹೇಳ್ತು.” ಗೋಗೋ ಮಣ್ಣಿನ ಕೈಯಲ್ಲೇ ಮಗ್ಗು ಹಿಡಿದು ಒಂದು ಗುಟುಕು ಕುಡಿದಳು. “ಅರ್ಧ ಕ್ಯಾನಿಗೆ ನಂಗೆ ನಾಚಿಕೆ ಇರಲಿಲ್ಲ ಕಣೆ. ನಿಂಗಿತ್ತು.”

ಜೆಮೆಲಿ ನೆಲದ ಮೇಲಿದ್ದ ಬಾಂಡ್ಲಿ ಎತ್ತಿಕೊಳ್ಳಲು ಬಾಗಿದಳು.

“ಹೋಗು, ಚಹಾ ಕುಡಿ. ಆಮೇಲೆ ಬಂದು ಮಣ್ಣು ತುಳಿ. ಇಲ್ಲಿ ಕೆಲಸ ಬಹಳ ಇದೆ.”

ಬೇಲಿಯ ಪಕ್ಕದ ಬೆಂಚಿನ ಮೇಲೆ ಜೆಮೆಲಿ ತನ್ನ ಮಗ್ಗು ಹಿಡಿದು ಕೂತಳು. ಕಿಗೆನ್ ಹತ್ತಿರ ಬಂದವನು ‘ಒಡೆದ ಹಾಲು’ ಅನ್ನದೆ ಮುಂದೆ ಹೋದ. ಸ್ವಲ್ಪ ಹೊತ್ತಿಗೆ ಕಿಬೋರ್ ಬಂದು ಚಹಾ ಊದುತ್ತಾ ಎದುರಿಗೆ ನಿಂತ.

“ಮಾಮಾ,” ಎಂದಳು ಜೆಮೆಲಿ. “ಅವತ್ತು ಗೋಗೋ ಹಾಲು ವಾಪಸ್ ಕಳಿಸಿದ್ರಲ್ಲ. ನಿಮಗೂ ಹೀಗೇ ಆಯ್ತಾ?”

“ಹೇಗೆ?”

ಅವಳು ಹೊಟ್ಟೆಯ ಮೇಲೆ ಕೈಯಿಟ್ಟಳು. “ಇಲ್ಲಿ. ಕಲ್ಲು ನುಂಗಿದ ಹಾಗೆ.”

“ಪ್ರತಿ ಸಲಾನೂ ಆಗುತ್ತೆ,” ಎಂದ ಕಿಬೋರ್. “ಇವತ್ತು ಬೆಳಗ್ಗೇನೂ ಒಬ್ಬರದ್ದು ವಾಪಸ್ ಕಳಿಸಿ ಬಂದಿದೀನಿ.”

“ಯಾರದ್ದು?”

“ನಮ್ಮಮ್ಮಂದು.”

ಅವನು ತಮಾಷೆ ಮಾಡುತ್ತಿದ್ದಾನೇನೋ ಎಂದು ಜೆಮೆಲಿ ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಅವಳು ಬೆಂಚಿನ ಮೇಲೆ ಸ್ವಲ್ಪ ಸರಿದು, ಅವನಿಗೆ ಕೂರಲು ಜಾಗ ಮಾಡಿಕೊಟ್ಟಳು.